ವಾಹನದ ಗಾಳಿಯಂತ್ರದಲ್ಲಿ ವಿದ್ಯುತ್ ದೋಷವನ್ನು ಕಂಡುಹಿಡಿಯುವ ಕ್ರಮ

ಮಳೆಗಾಲದಲ್ಲಿ ಮಂಗಳೂರಿನಿಂದ ಅಡಿಕೆ ಹೇರಿಕೊಂಡು ಶಿರಾಡಿ ಘಾಟಿಯನ್ನೇರುವಾಗ ಗಾಳಿಯಂತ್ರವು ನಿಂತರೆ, ಮುಂಗಾಜಿನ ಒಳಗೆ ಹಬೆ ಕಟ್ಟಿ ದಾರಿ ಕಾಣದು. ಇದು ಪ್ರಾಣಾಪಾಯವೇ ಸರಿ.

ಅತಿವೇಗದಲ್ಲಿ ಮಾತ್ರ ಗಾಳಿ ಬೀಸಿದರೆ ಬಹುಮಟ್ಟಿಗೆ ರೆಸಿಸ್ಟರು ಸುಟ್ಟಿದೆಯೆಂದು ತಿಳಿಯತಕ್ಕದ್ದು. ಯಾವ ವೇಗದಲ್ಲಿಯೂ ಬೀಸದಿದ್ದರೆ ಮೊದಲು ಫ್ಯೂಸನ್ನು ನೋಡತಕ್ಕದ್ದು. ಸುಟ್ಟ ಫ್ಯೂಸಿಗೆ ಬದಲಾಗಿ ತಾಮ್ರದ ತಂತಿಯನ್ನು ಸೇರಿಸುವುದು ಸರ್ವಥಾ ಕೂಡದು. ತಂತಿಗಳು ಕಾದು ವಾಹನಕ್ಕೆ ಬೆಂಕಿ ಹತ್ತೀತು. ಫ್ಯೂಸು ಸರಿಯಿದ್ದರೆ, ಸ್ವಿಚ್ಚನ್ನು ಅತಿವೇಗದಲ್ಲಿರಿಸಿ, 12 ವೋಲ್ಟಿನ ಪರೀಕ್ಷಾದೀಪದ ಒಂದು ತುದಿಯನ್ನು ಮೋಟಾರಿಗೆ ವಿದ್ಯುತ್ತನ್ನು ತರುವ ತಂತಿಗೂ, ಮತ್ತೊಂದನ್ನು ವಾಹನದ ಬರಿಯ ಕಬ್ಬಿಣಕ್ಕೂ ಮುಟ್ಟಿಸಬೇಕು. ದೀಪವು ಉರಿಯದಿದ್ದರೆ ರಿಲೇ, ಸ್ವಿಚ್ಚು, ನಡುವಣ ತಂತಿ ಇವುಗಳನ್ನು ಶೋಧಿಸತಕ್ಕದ್ದು. ಉರಿದರೆ ದೋಷವು ಮೋಟಾರಿನಲ್ಲಿ, ಇಲ್ಲವೆ ಅದರಾಚೆಯ ಅರ್ಥ್ ದಾರಿಯಲ್ಲಿರುವುದು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅರ್ಥ್ ಜೋಡಣೆಯು ಕಿಲುಬು ಹಿಡಿಯುವುದು ಸಾಮಾನ್ಯ. ಅದನ್ನು ಉಜ್ಜಿ ಬಿಗಿಗೊಳಿಸಿದರೆ ಎಷ್ಟೋ ವೇಳೆ ಸಾಕಾಗುವುದು. ಇದನ್ನು ನೋಡದೆ ಹೊಸ ಮೋಟಾರನ್ನು ಹಾಕಿಸಿ ನಾನೇ ಒಮ್ಮೆ ಹಣ ಕಳೆದುಕೊಂಡೆನು.