ಮಾತ್ರೆಯ ನಿದ್ರೆ, ಅಜ್ಜಿಯ ನೆನಪು



ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಡಲು ಹೋದಾಗ, ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ನಡುಮಧ್ಯಾಹ್ನ ಗಾಢ ನಿದ್ರೆಯಲ್ಲಿದ್ದರು. "ಊಟ ಆದ್ಮೇಲೆ ಅರ್ಧ ನಿದ್ದೆ ಮಾತ್ರೆ ಕೊಡ್ತೀವಿ ಸ್ವಾಮಿ. ಇಲ್ದಿದ್ರೆ ಕೂಗ್ತಾನೇ ಇರ್ತಾರೆ, ಮನೆ ಕೆಲಸ ಸಾಗೋದಿಲ್ಲ" ಎಂದರು ಸೊಸೆ. ಆ ಮಾತ್ರೆಯನ್ನು ವೈದ್ಯರು ಎಂದೋ ರಾತ್ರಿಗೆಂದು ಬರೆದುಕೊಟ್ಟಿದ್ದರು. ಅಜ್ಜಿ ಎದ್ದು, ಪ್ರಾರ್ಥನೆಗೆ ದನಿಗೂಡಿಸಿ, ಪರಮಪ್ರಸಾದ ಸ್ವೀಕರಿಸಿದರು. ನಾನು ಬಾಗಿಲು ದಾಟುವಾಗ, "ಸ್ವಾಮಿ ಇವತ್ತು ಬರಲೇ ಇಲ್ವಲ್ಲ" ಎಂದು ಸೊಸೆಯನ್ನು ಕೇಳುತ್ತಿದ್ದರು.

ಆ ಮರೆವು ವಯಸ್ಸಿನದೋ ಮಾತ್ರೆಯದೋ ಎಂದು ಹೇಳಲು ನಾನು ವೈದ್ಯನಲ್ಲ. ಆದರೆ ಆ ಪ್ರಶ್ನೆಯನ್ನು ಯಾರಾದರೂ ವೈದ್ಯರ ಮುಂದಿಡಲೇಬೇಕು.

ನಿದ್ರೆಯೆಂದರೆ ಮೆದುಳಿಗೆ ಬರಿಯ ಬಿಡುವಲ್ಲ. ಹಗಲು ಕಂಡದ್ದು, ಕಲಿತದ್ದು ನೆನಪಾಗಿ ನೆಲೆಗೊಳ್ಳುವುದು ಬಹುಮಟ್ಟಿಗೆ ಆಗಲೇ. ಆ ಹೊತ್ತಿನಲ್ಲಿ ಮೆದುಳಿನಲ್ಲಿ ಸೆಕೆಂಡಿಗೆ ಸುಮಾರು ೧೨ರಿಂದ ೧೫ ಬಾರಿ ಮಿಡಿಯುವ ಪುಟ್ಟ ಅಲೆಗಳು ಏಳುತ್ತವೆ. ನೂಲು ಸುತ್ತಿದ ಕದಿರಿನಂತೆ ಕಾಣುವುದರಿಂದ ಅವುಗಳಿಗೆ ಕದಿರಿನ ಹೆಸರೇ ಬಂದಿದೆ. ವಯಸ್ಸಾದಂತೆ ಇವು ಕಡಿಮೆಯಾಗುತ್ತವೆ.

೨೦೧೩ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು ಜೋಲ್ಪಿಡೆಮ್ ಎಂಬ ನಿದ್ರೆಮಾತ್ರೆ ಕೊಟ್ಟು ಕೆಲವರನ್ನು ಹಗಲು ಮಲಗಿಸಿ ನೋಡಿದರು. ಕದಿರಿನ ಅಲೆಗಳು ಹೆಚ್ಚಿದವು. ಮುಂಚೆ ಕಲಿತ ಪದಗಳ ನೆನಪೂ ಸುಧಾರಿಸಿತು. ಇದನ್ನು ಕೇಳಿ, 'ಹಾಗಾದರೆ ಅಜ್ಜಿಗೆ ಒಳ್ಳೆಯದೇ' ಎನ್ನಬೇಡಿ. ಅವರೆಲ್ಲ ೧೮ರಿಂದ ೩೯ ವಯಸ್ಸಿನ ಆರೋಗ್ಯವಂತರು. ಮುದಿದೇಹ ಔಷಧಿಯನ್ನು ನಿಧಾನವಾಗಿ ಹೊರಹಾಕುತ್ತದೆ. ಎದ್ದ ಮೇಲೂ ಅದರ ಮಂಕು ಉಳಿಯುತ್ತದೆ. ಮಾತ್ರೆ ನುಂಗಿದ ಮೇಲೆ ನಡೆದದ್ದು ಮನಸ್ಸಿನಲ್ಲಿ ನಿಲ್ಲದೆ ಹೋಗಬಹುದು. ಗಲಿಬಿಲಿ, ಎಡವಿ ಬಿದ್ದು ಸೊಂಟದ ಮೂಳೆ ಮುರಿತ ಇವುಗಳ ಭಯವೂ ಉಂಟು. ಈ ಕಾರಣದಿಂದಲೇ ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘವು ೨೦೨೩ರ ತನ್ನ ಪಟ್ಟಿಯಲ್ಲಿ, ೬೫ ದಾಟಿದವರಿಗೆ ಜೋಲ್ಪಿಡೆಮ್, ಆಲ್ಪ್ರಜೋಲಾಮ್‌ನಂಥ ಮಾತ್ರೆಗಳನ್ನು ಸಾಧ್ಯವಾದಷ್ಟು ತಪ್ಪಿಸಬೇಕೆಂದು ಹೇಳಿದೆ.

ಹಾಗೆಂದು ಇಂದೇ ಮಾತ್ರೆಯನ್ನು ಎಸೆಯಬೇಡಿ. ಬಹುಕಾಲ ನುಂಗಿದ್ದನ್ನು ಥಟ್ಟನೆ ನಿಲ್ಲಿಸಿದರೆ ಅಪಾಯವಾದೀತು. ವೈದ್ಯರ ಮಾತಿನಂತೆ ಮೆಲ್ಲಮೆಲ್ಲನೆ ಇಳಿಸಬೇಕು. ನಿದ್ರೆ ಕೆಡಿಸುವ ಮಂಡಿನೋವು, ಪದೇ ಪದೇ ಮೂತ್ರಕ್ಕೆ ಏಳುವುದು, ಸಂಜೆಯ ಕಾಫಿ, ಮನಸ್ಸಿನ ದುಗುಡ ಇವುಗಳನ್ನೂ ಅವರಿಗೆ ತಿಳಿಸಿ. ಹಗಲು ನಿದ್ರೆ ಅರ್ಧ ಗಂಟೆಯೊಳಗಿದ್ದು, ಮೂರು ಗಂಟೆಗೆ ಮುಂಚೆ ಮುಗಿದರೆ ರಾತ್ರಿಯ ನಿದ್ರೆಗೆ ಅನುಕೂಲ.

ಧರ್ಮಸಭೆ ಔಷಧಿಯ ವಿರೋಧಿಯಲ್ಲ. ದೇವರೇ ಭೂಮಿಯಿಂದ ಔಷಧಿಗಳನ್ನು ಉಂಟುಮಾಡಿದರೆಂದು ಸಿರಾಖನ ಗ್ರಂಥ ಹೇಳುತ್ತದೆ (೩೮:೪). ನಿದ್ರೆ ದುಃಖವನ್ನು ತಗ್ಗಿಸುತ್ತದೆಂದು ಸಂತ ಥಾಮಸ್ ಅಕ್ವಿನಾಸರೂ ಬರೆದಿದ್ದಾರೆ. ಆದರೆ ಅದೇ ಸಿರಾಖನು, ತಂದೆಯ ಬುದ್ಧಿ ಮಂದವಾದರೂ ಸಹನೆಯಿಂದಿರು, ಅವನನ್ನು ಹೀಯಾಳಿಸಬೇಡ ಎಂದು ಮಗನನ್ನು ಎಚ್ಚರಿಸುತ್ತಾನೆ (೩:೧೩). ಔಷಧಿ ಆ ಸಹನೆಗೆ ನೆರವಾಗಬೇಕೇ ಹೊರತು ಅದರ ಜಾಗದಲ್ಲಿ ಕೂರಬಾರದು.

ಆ ಸೊಸೆಯನ್ನು ನಾನು ದೂರುವುದಿಲ್ಲ. ಅಡುಗೆ, ಮಕ್ಕಳು, ಅತ್ತೆ ಎಲ್ಲವೂ ಅವರೊಬ್ಬರ ತಲೆಯ ಮೇಲಿತ್ತು. ಮಗ, ಮೊಮ್ಮಕ್ಕಳು, ನೆರೆಯವರು ದಿನಕ್ಕೊಬ್ಬರಂತೆ ಅರ್ಧ ಗಂಟೆ ಅಜ್ಜಿಯ ಬಳಿ ಕುಳಿತು ಜಪಸರ ಹೇಳಿದ್ದರೆ, ಆ ಕೂಗು ಒಂದಿಷ್ಟು ಕಡಿಮೆಯಾಗುತ್ತಿತ್ತೇನೋ.

ಕುಟುಂಬದ ಚಿಂತನೆಗೆ:

೧. ನಮ್ಮ ಮನೆಯ ಹಿರಿಯರು ಯಾವ ಯಾವ ಮಾತ್ರೆ ನುಂಗುತ್ತಾರೆ, ಏಕೆ ಎಂಬುದು ನಮಗೆ ಗೊತ್ತೇ?

೨. ಆ ಮಾತ್ರೆ ಕೊಡುವುದು ಅವರ ನೆಮ್ಮದಿಗೋ, ನಮ್ಮ ನೆಮ್ಮದಿಗೋ?

೩. ಈ ವಾರ ಅವರ ಪಕ್ಕದಲ್ಲಿ ಕೂರುವ ಸರದಿ ಯಾರದು?