ಕಡಿದ ಮರವನ್ನು ಮಳೆಗೆ ಮುಂಚೆ ಪೇರಿಸಿ ಸಾಗಿಸುವ ಕ್ರಮ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಜಮೀನುದಾರರು ತಮ್ಮ ಮಾಲ್ಕಿ ಜಮೀನಿನ ಸಾಗವಾನಿ, ಹಲಸು, ಮಾವು, ಗಾಳಿಮರ ಮೊದಲಾದವುಗಳನ್ನು ಕಡಿಸಿ ಮಾರುವುದುಂಟು. ಹಲವು ವರ್ಷ ಸಾಕಿದ ಮರದ ಬೆಲೆಯು ಬುಡದಿಂದ ರಸ್ತೆಗೆ ಬರುವಷ್ಟರಲ್ಲಿಯೇ ಇಳಿದುಹೋಗುವುದು ವ್ಯಸನಕರವಾದ ಸಂಗತಿ. ಇದು ಬಹುಮಟ್ಟಿಗೆ ತಪ್ಪಿಸಬಹುದಾದ ನಷ್ಟವಾದುದರಿಂದ, ಅದರ ಕಾರಣವನ್ನೂ ಉಪಾಯವನ್ನೂ ಇಲ್ಲಿ ವಿವರಿಸಲಾಗಿದೆ.

ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆಯಾಗುವುದು. ಅದರ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದು. ಒದ್ದೆ ನೆಲದ ಮೇಲೆ ಬಿದ್ದ ದಿಮ್ಮಿಯ ಹೊರಗಿನ ಬಿಳಿಯ ಭಾಗವು ಗೆದ್ದಲಿಗೂ ಬೂಷ್ಟಿಗೂ ಆಹಾರವಾಗುವುದು. ಪೂರ್ಣವಾಗಿ ಒಣಗಿದ 100 ಕಿಲೊ ಮರಕ್ಕೆ ನೀರಿನಂಶವು 20 ಕಿಲೊಗಿಂತ ಕಡಿಮೆಯಾದರೆ ಕೊಳೆರೋಗವು ಬೆಳೆಯಲಾರದು. ಒಣಗಿಸುವುದರಿಂದ ಸಾಗಾಣಿಕೆಯಲ್ಲಿಯೂ ಲಾಭವುಂಟು. ಅದೇ 100 ಕಿಲೊ ಮರದಲ್ಲಿ 60 ಕಿಲೊ ನೀರಿದ್ದರೆ ಲಾರಿಯು 160 ಕಿಲೊ ಹೊರಬೇಕು. 20 ಕಿಲೊ ಮಾತ್ರವಿದ್ದರೆ 120 ಕಿಲೊ. ಹಸಿಮರವನ್ನು ಸಾಗಿಸುವವನು ನೀರಿಗೂ ಬಾಡಿಗೆ ತೆತ್ತಂತಾಗುವುದು.

ಕಾಲದ ಕ್ರಮ ಹೀಗಿರತಕ್ಕದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಮತಿ ಬೇಕಾದ ಮರಗಳಿಗೆ ಮಳೆಗಾಲದಲ್ಲಿಯೇ ಅರ್ಜಿ ಕೊಡಬೇಕು. ಸಾಗಾಣಿಕೆಯ ಪರವಾನಿಗೆಯ ವಿಷಯವನ್ನೂ ಆಗಲೇ ಅರಣ್ಯಾಧಿಕಾರಿಗಳಲ್ಲಿ ವಿಚಾರಿಸಿಕೊಳ್ಳಬೇಕು. ಕಡಿದ ಮೇಲೆ ಕಾಗದಪತ್ರಕ್ಕಾಗಿ ಅಲೆದರೆ ದಿಮ್ಮಿಯು ಕಾಡಿನಲ್ಲಿಯೇ ಕೊಳೆಯುವುದು. ಸೊಪ್ಪಿನ ಬೆಟ್ಟದ ಮರವು ಮಾಲ್ಕಿ ಮರವಲ್ಲವೆಂಬುದನ್ನು ಮರೆಯಬಾರದು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಕಡಿದು, ಏಪ್ರಿಲ್ ಮುಗಿಯುವುದರೊಳಗೆ ರಸ್ತೆಯ ಬಳಿಗೆ ತಂದು, ಮೃಗಶಿರೆ ಮಳೆ ಹಿಡಿಯುವ ಮುನ್ನ ಕಳುಹಿಸಿಬಿಡಬೇಕು.

ಪೇರಿಸುವ ಸ್ಥಳವು ಎತ್ತರವಾಗಿ, ನೀರು ಹರಿದುಹೋಗುವಂತೆ ತುಸು ಇಳಿಜಾರಾಗಿರಬೇಕು. ತರಗೆಲೆ, ತೊಗಟೆಗಳನ್ನು ಗುಡಿಸಿ, ಕಲ್ಲುಗಳ ಮೇಲೆ ಅಡ್ಡತೊಲೆಗಳನ್ನಿಟ್ಟು, ದಿಮ್ಮಿಯು ನೆಲದಿಂದ ಒಂದು ಅಡಿಯಾದರೂ ಮೇಲಿರುವಂತೆ ಮಾಡಬೇಕು. ಗಾಳಿಮರದ ಗಳಗಳ ತೊಗಟೆ ಸುಲಿದು, ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಪೇರಿಸಿದರೆ ನಡುವೆ ಗಾಳಿಯಾಡುವುದು. ಕೊಯ್ಯುವ ದೊಡ್ಡ ದಿಮ್ಮಿಗಳನ್ನು ನೆರಳಿನಲ್ಲಿಟ್ಟು, ಬಿರುಕು ಬಿಡದಂತೆ ಎರಡು ತುದಿಗಳಿಗೂ ಡಾಂಬರು ಬಳಿದು, ಬೇಗನೆ ಕೊಯ್ಯುವ ಮಿಲ್ಲಿಗೆ ಸಾಗಿಸತಕ್ಕದ್ದು. ಶರಾವತಿ, ಅಘನಾಶಿನಿಗಳ ಅಳಿವೆಯ ಉಪ್ಪುನೀರಿನಲ್ಲಿ ದಿಮ್ಮಿಗಳನ್ನು ಮುಳುಗಿಸಿಡುವುದು ತರವಲ್ಲ. ಮರದ ದೋಣಿಗಳನ್ನು ಕೊರೆಯುವ ಹುಳುವೇ ಇವುಗಳನ್ನೂ ಕೊರೆಯುವುದು.

ಒಂದೇ ದಿಮ್ಮಿಯನ್ನು ಎರಡು ಸಲ ಎತ್ತಿದರೆ ಎರಡು ಸಲ ಕೂಲಿ ತೆರಬೇಕು. ಆದುದರಿಂದ ಮೊದಲೇ ಜಾತಿ, ಉದ್ದಗಳಿಗೆ ತಕ್ಕಂತೆ ಬೇರೆ ಬೇರೆ ಸಾಲು ಮಾಡಿ, ತುದಿಯಲ್ಲಿ ಅಂಕೆ ಬರೆದು, ಅಳತೆಯನ್ನು ಪುಸ್ತಕದಲ್ಲಿ ದಾಖಲಿಸಬೇಕು. ಮೊದಲು ಬಂದುದು ಮೊದಲು ಹೋಗಲಿ. ಹಿಂದೆ ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಹೊಳೆಯೇ ದಾರಿಯಾಗಿತ್ತು. ಈಗ ಸರಕೆಲ್ಲ ಲಾರಿಯಲ್ಲಿ ಹೋಗುವುದರಿಂದ, ಅದು ತಿರುಗುವಷ್ಟು ಗಟ್ಟಿನೆಲವಿಲ್ಲದ ಕಡೆ ಪೇರಿಸುವುದು ವ್ಯರ್ಥ.

ಎಲ್ಲಕ್ಕಿಂತ ಮುಖ್ಯವಾದುದು ಕೂಲಿಯವರ ಪ್ರಾಣ. ಕೈಯಿಂದ ಪೇರಿಸುವ ರಾಶಿಯು ಎದೆಮಟ್ಟವನ್ನು ಮೀರಬಾರದು. ಪ್ರತಿ ಸಾಲಿನ ಎರಡು ಬದಿಗೂ ಬೆಣೆ ಹೊಡೆದಿರಬೇಕು. ಸನ್ನೆಗೋಲಿನಿಂದ ದಿಮ್ಮಿ ಉರುಳಿಸುವಾಗ ಇಳಿಜಾರಿನ ಕೆಳಬದಿಯಲ್ಲಿ ಯಾರೂ ನಿಲ್ಲಕೂಡದು. ಮಳೆಯಲ್ಲಿ ನೆನೆದ ತೊಗಟೆಯು ಜಾರುವುದರಿಂದ ಆಗ ರಾಶಿಯನ್ನು ಹತ್ತಲೇಬಾರದು.

ಒಬ್ಬೊಬ್ಬರ ನಾಲ್ಕೈದು ಮರಕ್ಕೆ ಬೇರೆ ಬೇರೆ ಲಾರಿ ತರಿಸುವುದು ದುಬಾರಿ. ಗ್ರಾಮದ ಮುಖಂಡರು ಮುಂದಾಗಿ, ನೆರೆಹೊರೆಯ ಜಮೀನುದಾರರನ್ನು ಕೂಡಿಸಿ, ಊರಿಗೊಂದು ಪೇರಿಸುವ ನೆಲೆಯನ್ನು ಗೊತ್ತುಮಾಡಿದರೆ ಎಲ್ಲರ ಖರ್ಚೂ ಇಳಿಯುವುದು. ಮುಂದಿನ ಕಡಿತಕ್ಕೆ ಮೊದಲೇ ಈ ಏರ್ಪಾಡು ಆಗಲೆಂದು ಆಶಿಸಲಾಗಿದೆ.