ಯಾವ ಗಟ್ಟಿ?

ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ, ನಾನೇ ಡ್ರಾಯಿಂಗ್ ಬರೆದ ಶಾಫ್ಟ್ ಒಂದು ಹನ್ನೊಂದನೇ ದಿನಕ್ಕೆ ಎರಡು ತುಂಡಾಯಿತು. ಕಳಚಿದ ಪುಲ್ಲಿ ಬೆಲ್ಟನ್ನೂ ಎಳೆದುಕೊಂಡು ನೆಲಕ್ಕೆ ಬಿದ್ದು ಗೋಡೆಯವರೆಗೆ ಉರುಳಿತು. ಪಕ್ಕದಲ್ಲೇ ಎಣ್ಣೆ ಡಬ್ಬಿ ಹಿಡಿದು ನಿಂತಿದ್ದ ಹುಡುಗನಿಗೆ ಒಂದು ಮೊಳದ ಅಂತರದಲ್ಲಿ ತಪ್ಪಿತು. ಅವತ್ತು ಆ ಹುಡುಗನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಅದು ಬ್ಲೋವರ್‌ನ ಶಾಫ್ಟ್. ಮೊದಲು ಇದ್ದದ್ದು 40 ಮಿಮೀ ದಪ್ಪದ ಇಎನ್-8 ಉಕ್ಕು. ಪುಲ್ಲಿ ಬೇರಿಂಗಿನಿಂದ ಆಚೆ ಚಾಚಿಕೊಂಡಿದ್ದರಿಂದ ಬೆಲ್ಟ್ ಬಿಗಿ ಮಾಡಿದರೆ ಶಾಫ್ಟ್ ಬಾಗುತ್ತಿತ್ತು, ಬೇರಿಂಗ್ ಬಿಸಿಯೇರುತ್ತಿತ್ತು, ಬೆಲ್ಟ್ ಒಂದೇ ಬದಿ ಸವೆಯುತ್ತಿತ್ತು. ‘ಮಾಲು ಮೆತ್ತಗಿದೆ, ಗಟ್ಟಿ ಮಾಲು ಹಾಕಿ’ ಎಂದು ಎಲ್ಲರೂ ಹೇಳಿದರು. ನನಗೂ ಹಾಗೇ ಅನ್ನಿಸಿತು. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಇಎನ್-24 ತರಿಸಿದೆ. ಅದೂ ಸಾಲದೆಂದು ಹಾರ್ಡನಿಂಗಿಗೆ ಕಳಿಸಿ ರಾಕ್‌ವೆಲ್ ಸಿ ಅಳತೆಯಲ್ಲಿ 50ರವರೆಗೆ ಏರಿಸಿದೆ.

ಲೇತಿನಲ್ಲಿದ್ದ ಹಿರಿಯ ಟರ್ನರ್ ಬೇರಿಂಗ್ ಕೂರುವ ಮೆಟ್ಟಿಲನ್ನು ತೋರಿಸಿ ಕೇಳಿದ್ದರು: “ಮೂಲೇಲಿ ಸ್ವಲ್ಪ ರೇಡಿಯಸ್ ಬಿಡ್ಲಾ ಸಾರ್? ಹಳೇದ್ರಲ್ಲಿ ಇತ್ತು.”

“ಬೇಡ ಅಣ್ಣ. ಬೇರಿಂಗ್ ಒತ್ತಿ ಕೂರ್ಬೇಕು. ಚೂಪಾಗೇ ಇರ್ಲಿ.”

ಮೆಷಿನ್ ಚಾಲೂ ಮಾಡುವ ಮೊದಲು ಡಯಲ್ ಗೇಜ್ ಇಟ್ಟು ಬೆಲ್ಟ್ ಬಿಗಿ ಮಾಡಿ ನೋಡಿದೆ. ಹಳೆಯ ಶಾಫ್ಟಿಗೆ ಮುಳ್ಳು ಎಷ್ಟು ಸರಿದಿತ್ತೋ ಹೊಸದಕ್ಕೂ ಅಷ್ಟೇ ಸರಿಯಿತು. ಗೇಜೇ ಕೆಟ್ಟಿರಬೇಕು ಎಂದುಕೊಂಡೆ. ಗೇಜ್ ಸರಿಯಾಗಿಯೇ ಇತ್ತು. ಡಿಪ್ಲೊಮಾ ಪರೀಕ್ಷೆಗೆ ಬಾಯಿಪಾಠ ಮಾಡಿದ ಯಂಗ್ ಮಾಡ್ಯುಲಸ್ ಎಂಬುದು ಏನು ಎಂದು ನನಗೆ ಅರ್ಥವಾದದ್ದು ಅವತ್ತು. ಬಾಗಿ ಮತ್ತೆ ನೆಟ್ಟಗಾಗುವ ಮಿತಿಯೊಳಗೆ ಉಕ್ಕು ಎಷ್ಟು ಬಾಗುತ್ತದೆ ಎನ್ನುವುದನ್ನು ಆ ಅಂಕಿ ಹೇಳುತ್ತದೆ. ಸಾಮಾನ್ಯ ಮೆದು ಉಕ್ಕು (ಎಂಎಸ್) ಆಗಲಿ, ದುಬಾರಿ ಇಎನ್-24 ಆಗಲಿ, ಅದು ಸುಮಾರು 200 ಗಿಗಾಪಾಸ್ಕಲ್ಲೇ. ಬೆಂಕಿಗಿಟ್ಟು ಎಣ್ಣೆಗೆ ಅದ್ದಿದರೂ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದೆ. ಹಾರ್ಡನಿಂಗ್‌ನಿಂದ ಬದಲಾಗುವುದು ಬೇರೆ: ಎಷ್ಟು ಹೊರೆ ಬಿದ್ದರೆ ಶಾಫ್ಟ್ ಶಾಶ್ವತವಾಗಿ ಡೊಂಕಾಗುತ್ತದೆ, ಎಷ್ಟಕ್ಕೆ ಮುರಿಯುತ್ತದೆ ಎನ್ನುವುದು. ನಮ್ಮ ಶಾಫ್ಟಿಗೆ ಆ ತೊಂದರೆ ಇರಲೇ ಇಲ್ಲ. ಇಲ್ಲದ ರೋಗಕ್ಕೆ ನಾನು ಔಷಧ ಕೊಟ್ಟಿದ್ದೆ.

ಆದರೂ ‘ಗಟ್ಟಿ ಮಾಲು ತಾನೇ, ಓಡಲಿ’ ಎಂದು ಚಾಲೂ ಮಾಡಿಸಿದೆ.

ಮುರಿದ ಮುಖವನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ನುಣುಪಾಗಿತ್ತು. ಅದರ ಮೇಲೆ ಕಪ್ಪೆಚಿಪ್ಪಿನ ಬೆನ್ನಿನಲ್ಲಿರುವಂಥ ಬಾಗಿದ ಗೆರೆಗಳು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮತ್ತೆ ಚಾಲೂ ಮಾಡಿದ ದಿನಗಳ ಗುರುತು ಅವು. ಉಳಿದ ಭಾಗ ಮುರಿದ ಬೆಲ್ಲದ ಹಾಗೆ ಹರಳುಹರಳಾಗಿತ್ತು, ಒಂದೇ ಏಟಿಗೆ ಹೋದದ್ದು. ಗೆರೆಗಳನ್ನು ಹಿಂದಕ್ಕೆ ಹಿಡಿದು ಹೋದರೆ ಎಲ್ಲವೂ ಒಂದೇ ಜಾಗಕ್ಕೆ ಬಂದು ಸೇರುತ್ತಿದ್ದವು: ನಾನು ಚೂಪಾಗಿರಲಿ ಎಂದಿದ್ದ ಮೂಲೆಗೆ.

ತಿರುಗುವ ಶಾಫ್ಟಿನ ಮೈಮೇಲೆ ಒಂದು ಚುಕ್ಕೆ ಇಟ್ಟುಕೊಳ್ಳಿ. ಬೆಲ್ಟ್ ಒಂದೇ ಕಡೆಗೆ ಎಳೆಯುತ್ತಿರುತ್ತದೆ. ಚುಕ್ಕೆ ಒಂದು ಬದಿಗೆ ಬಂದಾಗ ಹಿಗ್ಗುತ್ತದೆ, ಅರ್ಧ ಸುತ್ತಿನ ನಂತರ ಕುಗ್ಗುತ್ತದೆ. ನಿಮಿಷಕ್ಕೆ 720 ಸುತ್ತು, ದಿನಕ್ಕೆ ಎರಡು ಶಿಫ್ಟ್ ಸೇರಿ 16 ಗಂಟೆ ಅಂದರೆ ದಿನಕ್ಕೆ 6,91,200 ಸಲ. ಹತ್ತು ದಿನಕ್ಕೆ ಸುಮಾರು 70 ಲಕ್ಷ ಸಲ. ಒಂದೇ ಸಲದ ಹೊರೆಯನ್ನು ನಿರಾಯಾಸವಾಗಿ ಹೊರುವ ಉಕ್ಕು ಅದೇ ಹೊರೆ ಲಕ್ಷಾಂತರ ಸಲ ಬಂದರೆ ದಣಿಯುತ್ತದೆ. ಚೂಪು ಮೂಲೆಯಲ್ಲಿ ಒತ್ತಡ ಮಡುಗಟ್ಟುತ್ತದೆ, ಬಿರುಕು ಅಲ್ಲೇ ಹುಟ್ಟುತ್ತದೆ. ಹೆಚ್ಚು ಹಾರ್ಡ್ ಮಾಡಿದ ಉಕ್ಕಿಗೆ ಇಂಥ ಮೂಲೆಯ ಪೆಟ್ಟು ಇನ್ನೂ ಹೆಚ್ಚು ತಾಗುತ್ತದೆ.

ಇದು ಹೊಸ ವಿದ್ಯೆಯೇನಲ್ಲ. 1842ರಲ್ಲಿ ಫ್ರಾನ್ಸಿನ ವರ್ಸೈ ಬಳಿ ಎಂಜಿನ್ನಿನ ಅಚ್ಚು ಮುರಿದು ರೈಲು ಹಳಿ ತಪ್ಪಿ, ಬೆಂಕಿಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಆಮೇಲಿನ ದಶಕಗಳಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳನ್ನು ಹೊರೆ ಹೊರಿಸಿ ಲಕ್ಷಾಂತರ ಸಲ ತಿರುಗಿಸಿ, ಮುರಿಯುವವರೆಗೂ ಕಾದು ಲೆಕ್ಕ ಬರೆದಿಟ್ಟ. ನಾನು ಓದಿದ ಪುಸ್ತಕದಲ್ಲಿ ಅವನ ಹೆಸರಿತ್ತು. ಟರ್ನರ್ ಅಣ್ಣ ಆ ಪುಸ್ತಕ ಓದಿರಲಿಲ್ಲ, ಆದರೂ ಸರಿಯಾದ ಪ್ರಶ್ನೆ ಕೇಳಿದ್ದು ಅವರೇ.

ಮತ್ತೆ ಇಎನ್-8ಗೇ ಬಂದೆವು. ಹಾರ್ಡನಿಂಗ್ ಬಿಟ್ಟೆವು. ದಪ್ಪವನ್ನು 40ರಿಂದ 50 ಮಿಮೀಗೆ ಏರಿಸಿದೆವು. ಬಾಗುವಿಕೆ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುವುದರಿಂದ ಅಷ್ಟಕ್ಕೇ ಅದು ಅರ್ಧಕ್ಕಿಂತ ಕಡಿಮೆಯಾಯಿತು. ಮೈಮೇಲಿನ ಒತ್ತಡವೂ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಪುಲ್ಲಿಯನ್ನು ಬೇರಿಂಗಿನ ಹತ್ತಿರಕ್ಕೆ ಸರಿಸಿದೆವು. ಮೂಲೆಗೆ 1 ಮಿಮೀ ರೇಡಿಯಸ್ ಬಿಟ್ಟೆವು. ಬೇರಿಂಗಿನ ಅಂಚನ್ನು ಅದಕ್ಕೆಂದೇ ಸವರಿರುತ್ತಾರೆ, ಎಷ್ಟು ರೇಡಿಯಸ್ ಬಿಡಬಹುದು ಎಂದು ಕ್ಯಾಟಲಾಗ್‌ನಲ್ಲೇ ಅಚ್ಚಾಗಿರುತ್ತದೆ. ನಾನು ಆ ಪುಟ ತೆರೆದಿರಲಿಲ್ಲ. ಆ ಶಾಫ್ಟ್ ನಾನು ಕೆಲಸ ಬಿಡುವವರೆಗೂ ಓಡುತ್ತಿತ್ತು.

ನಮ್ಮ ಮಾತಿನಲ್ಲಿ ಬಾಗದ್ದೂ ಗಟ್ಟಿ, ಮುರಿಯದ್ದೂ ಗಟ್ಟಿ, ಗೀರು ಬೀಳದ್ದೂ ಗಟ್ಟಿ, ಪೆಟ್ಟು ತಾಳುವುದೂ ಗಟ್ಟಿ. ಉಕ್ಕಿಗೆ ಇವು ನಾಲ್ಕು ಬೇರೆ ಬೇರೆ ಗುಣ. ಒಂದನ್ನು ಏರಿಸಿದರೆ ಇನ್ನೊಂದು ಇಳಿಯುವುದುಂಟು. ನನ್ನ ಅಜ್ಜನ ಊರಿನ ಕುಲುಮೆಯಲ್ಲಿ ಇದು ಗೊತ್ತಿತ್ತು. ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದಿ ಅಲ್ಲಿಗೇ ಬಿಡುತ್ತಿರಲಿಲ್ಲ. ಮತ್ತೆ ಸ್ವಲ್ಪ ಕಾಯಿಸಿ, ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ಗಳಿಗೆಯಲ್ಲಿ ಇನ್ನೊಮ್ಮೆ ಅದ್ದುತ್ತಿದ್ದರು. ಅದಕ್ಕೆ ‘ಹದ’ ಎನ್ನುತ್ತಿದ್ದರು. ನಾವು ಟೆಂಪರಿಂಗ್ ಎನ್ನುವುದು ಅದನ್ನೇ.

ಮುಂದೆ ಮನೆ ಕಟ್ಟುವಾಗ ಕಂಬಿ ಅಂಗಡಿಯವರು ‘550 ತಗೊಳ್ಳಿ, 500ಕ್ಕಿಂತ ಗಟ್ಟಿ’ ಎಂದಾಗ ನಾನು 500ಡಿ ಕೇಳಿದೆ. ಆ ‘ಡಿ’ ಹಿಗ್ಗುವ ಗುಣಕ್ಕೆ. ಭಾರತೀಯ ಮಾನಕ ಐಎಸ್ 1786ರ ಪ್ರಕಾರ ಎಳೆದು ಮುರಿಯುವ ಮೊದಲು ಬರೀ 500 ಕಂಬಿ ಕನಿಷ್ಠ ಶೇ 12ರಷ್ಟು, 550 ಶೇ 10ರಷ್ಟು ಹಿಗ್ಗಿದರೆ ಸಾಕು. 500ಡಿ ಶೇ 16ರಷ್ಟು ಹಿಗ್ಗಲೇಬೇಕು. ಭೂಮಿ ನಡುಗಿದಾಗ ಕಾಂಕ್ರೀಟು ಬಿರುಕು ಬಿಟ್ಟರೂ ಕಂಬಿ ಹಿಗ್ಗಿಕೊಂಡು ಹಿಡಿದಿರಬೇಕು. ಒಳಗಿರುವವರಿಗೆ ಹೊರಗೆ ಓಡಲು ಸಮಯ ಸಿಗುವುದು ಅದರಿಂದ.

ಮುರಿದ ಆ ತುಂಡು ಈಗಲೂ ನನ್ನ ಮೇಜಿನ ಮೇಲಿದೆ. ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. ನೀವೂ ಡ್ರಾಯಿಂಗ್ ಬರೆಯುವವರಾದರೆ, ಮೂಲೆಯ ರೇಡಿಯಸ್ ನಮೂದಿಸದೆ ಲೇತಿಗೆ ಕಳಿಸಬೇಡಿ. ಟರ್ನರ್ ಬಂದು ಏನಾದರೂ ಕೇಳಿದರೆ, ದಯವಿಟ್ಟು ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳಿ.